ಸಕಲೇಶಪುರ–ಬಿಸಿಲೆ ಕಡೆ ಮೂರು ದಿನದ ಗ್ರ್ಯಾವೆಲ್ ಸವಾರಿ: ತೋಟದೊಳಗಿನ ದಾರಿಗಳಲ್ಲಿ ಹೋಗಬಹುದೇ?

ಜಯನಗರದ ಸವಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಹೊರಟು ದೊಡ್ಡಬಳ್ಳಾಪುರ, ಮಾಕಳಿದುರ್ಗ, ನಂದಿ ಬೆಟ್ಟದ ಹಿಂಬದಿಯ ಕೆಮ್ಮಣ್ಣಿನ ದಾರಿಗಳಲ್ಲಿ ಗ್ರ್ಯಾವೆಲ್ ಸೈಕಲ್ (ಕಚ್ಚಾ ದಾರಿಗೂ ಒಗ್ಗುವ ಅಗಲ ಟೈರಿನ ಸೈಕಲ್) ಓಡಿಸುವುದು ನನಗೆ ರೂಢಿಯಾಗಿದೆ. ಆ ಕಡೆ ಕೆರೆ ಏರಿಯಾಗಲಿ, ನೀಲಗಿರಿ ತೋಪಾಗಲಿ, ರಾಗಿ ಹೊಲದ ಅಂಚಾಗಲಿ, ಸೈಕಲ್ಲಿನವರನ್ನು ಯಾರೂ ತಡೆದು ಕೇಳುವುದಿಲ್ಲ. ಈಗ ದಸರಾ ಕಳೆದ ಮೇಲೆ ಮೂರು ದಿನ ರಜೆ ಹಾಕಿ ಸಕಲೇಶಪುರದಿಂದ ಹೆತ್ತೂರು, ವಣಗೂರು, ಬಿಸಿಲೆಯವರೆಗೆ ಹೋಗಿ ಬೇರೆ ದಾರಿಯಲ್ಲಿ ಮರಳಬೇಕೆಂದಿದ್ದೇನೆ.

ಆ್ಯಪ್‌ನಲ್ಲಿ ಮಾರ್ಗ ಹಾಕಿ ನೋಡಿದಾಗ, ಡಾಂಬರು ರಸ್ತೆಯನ್ನು ಬಿಟ್ಟು ಕಾಫಿ ತೋಟಗಳ ನಡುವೆ ಹಾದುಹೋಗುವ ಸಣ್ಣ ಗೆರೆಗಳು ಬಹಳಷ್ಟು ಕಾಣುತ್ತಿವೆ. ಅವುಗಳಲ್ಲಿ ಸಾರ್ವಜನಿಕ ದಾರಿ ಯಾವುದು, ಖಾಸಗಿ ದಾರಿ ಯಾವುದು ಎಂಬುದನ್ನು ಮನೆಯಲ್ಲಿ ಕುಳಿತೇ ತಿಳಿಯುವ ಉಪಾಯವಿದೆಯೇ? ನನ್ನ ಸೈಕಲ್ಲಿಗೆ 40 ಮಿ.ಮೀ. ಟೈರುಗಳಿವೆ, ಅವು ಸಾಕಾಗುತ್ತವೆಯೇ? ಅಕ್ಟೋಬರ್ ಕೊನೆಯ ಹೊತ್ತಿಗೆ ನೆಲ ಒಣಗಿರುತ್ತದೆಯೇ? ಆ ಕಡೆಯ ಪರಿಚಯವಿರುವವರು ದಯವಿಟ್ಟು ತಿಳಿಸಬೇಕು.

ಹೆತ್ತೂರು ಕಡೆಯವನು

ನಮ್ಮೂರು ಹೆತ್ತೂರು ಹೋಬಳಿಯಲ್ಲಿದೆ, ಕೆಲಸಕ್ಕಾಗಿ ಬೆಂಗಳೂರಿನಲ್ಲಿದ್ದೇನೆ. ನಿಮ್ಮ ಮೊದಲನೆಯ ಪ್ರಶ್ನೆಗೇ ಹೆಚ್ಚು ಗಮನ ಕೊಟ್ಟು ಉತ್ತರಿಸುತ್ತೇನೆ, ಏಕೆಂದರೆ ಮಲೆನಾಡಿನಲ್ಲಿ ಮಾರ್ಗ ಹಾಕುವಾಗ ಏರು–ಇಳಿಜಾರಿನ ಲೆಕ್ಕಕ್ಕಿಂತ ಮೊದಲು ನೋಡಬೇಕಾದದ್ದು ನೆಲ ಯಾರದು ಎಂಬುದನ್ನು.

ಉಪಗ್ರಹದ ಚಿತ್ರದಲ್ಲಿ ಮರಗಳ ಸಂದಿಯಲ್ಲಿ ಗೆರೆಯಂತೆ ಕಂಡದ್ದನ್ನೆಲ್ಲ ಆ್ಯಪ್ ದಾರಿಯೆಂದೇ ತೋರಿಸುತ್ತದೆ. ಅವುಗಳಲ್ಲಿ ಕೆಲವು ಪಂಚಾಯಿತಿಯ ಕಚ್ಚಾ ರಸ್ತೆಗಳು. ಅಲ್ಲಿ ಯಾವ ತಕರಾರೂ ಇಲ್ಲ. ಇನ್ನು ಕೆಲವು ಹಿಂದಿನಿಂದ ಬಂದ ಬಂಡಿದಾರಿಗಳು. ಇವು ತೋಟದ ಮಧ್ಯದಲ್ಲೇ ಹಾದುಹೋದರೂ ಗ್ರಾಮ ನಕ್ಷೆಯಲ್ಲಿ ದಾಖಲಾಗಿರುತ್ತವೆ. ಇದನ್ನೇ ನಮ್ಮ ಕಡೆ ನಕಾಶೆ ಕಂಡ ದಾರಿ ಎನ್ನುತ್ತಾರೆ, ಮತ್ತು ತೋಟದವರು ಗೇಟು ಹಾಕಿದ್ದರೂ ಊರವರು ಅಲ್ಲಿ ಓಡಾಡುತ್ತಲೇ ಇರುತ್ತಾರೆ. ಉಳಿದವು, ಸಂಖ್ಯೆಯಲ್ಲಿ ಇವೇ ಹೆಚ್ಚು, ಗೊಬ್ಬರ ಸಾಗಿಸಲು ಮತ್ತು ಕೊಯ್ದ ಹಣ್ಣು ತರಲು ತೋಟದವರು ತಮ್ಮ ಖರ್ಚಿನಲ್ಲಿ ಮಾಡಿಕೊಂಡ ಜೀಪು ದಾರಿಗಳು. ಅವು ಎಲ್ಲಿಗೂ ಹೋಗುವುದಿಲ್ಲ; ಕಾಫಿ ಒಣಗಿಸುವ ಕಣದ ಬಳಿಯಲ್ಲೋ ಕೆಲಸಗಾರರ ಲೈನ್ ಮನೆಗಳ ಹಿಂದೆಯೋ ಮುಗಿದುಹೋಗುತ್ತವೆ.

ಮನೆಯಲ್ಲಿ ಕುಳಿತೇ ನೋಡಬೇಕೆಂದರೆ ಕಂದಾಯ ಇಲಾಖೆಯ ಜಾಲತಾಣದಿಂದ ಆಯಾ ಊರಿನ ಗ್ರಾಮ ನಕ್ಷೆಯನ್ನು ಇಳಿಸಿಕೊಂಡು, ನಿಮ್ಮ ಆ್ಯಪ್‌ನ ಗೆರೆಯ ಪಕ್ಕದಲ್ಲಿಟ್ಟು ಹೋಲಿಸಿ. ಸರ್ಕಾರದ ಭೂನಕ್ಷೆ ಆ್ಯಪ್ ಆದ ದಿಶಾಂಕ್‌ನಲ್ಲಿ ನೀವು ನಿಂತಿರುವ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆದರೆ ಅದಕ್ಕೆ ನೆಟ್‌ವರ್ಕ್ ಬೇಕು, ಮತ್ತು ಕಣಿವೆಗಳಲ್ಲಿ ಸಿಗ್ನಲ್ ಸಿಗುವ ಭರವಸೆಯಿಲ್ಲವಾದ್ದರಿಂದ ಆ ಕೆಲಸವನ್ನು ಬೆಂಗಳೂರಿನಲ್ಲಿಯೇ ಮುಗಿಸಿಕೊಳ್ಳುವುದು ಒಳ್ಳೆಯದು.

ಖಾಸಗಿ ದಾರಿಯಾದರೆ ಹೋಗಲೇಬಾರದೆಂದು ನಾನು ಹೇಳುತ್ತಿಲ್ಲ, ಕೇಳಿ ಹೋಗಬೇಕು. ತೋಟದ ಸಾಹುಕಾರರು ಸಿಗದಿದ್ದರೂ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಸಿಗುತ್ತಾರೆ. ‘ಇಂಥ ಊರಿಗೆ ಹೋಗಬೇಕಿತ್ತು, ಈ ಕಡೆಯಿಂದ ದಾಟಬಹುದೇ?’ ಎಂದು ಊರಿನ ಹೆಸರು ಹೇಳಿ ಕೇಳಿದರೆ ಸಾಮಾನ್ಯವಾಗಿ ಬಿಡುತ್ತಾರೆ. ಗೇಟು ಹೇಗಿತ್ತೋ ಹಾಗೆಯೇ ಮುಚ್ಚಿ ಹೋಗಿ. ನವೆಂಬರಿನ ನಂತರ ಹೋದರೆ ಕಣದಲ್ಲಿ ಕಾಫಿ ಹರಡಿರುತ್ತದೆ. ಅದರ ಅಂಚಿನಲ್ಲಿ ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕೇ ಹೊರತು ಮೇಲೆ ಗಾಲಿ ಹಾಯಿಸಬಾರದು. ಇನ್ನೊಂದು ಮುಖ್ಯ ಸಂಗತಿ: ಆನೆ ತಡೆಯಲು ಹಾಕಿದ ಐಬೆಕ್ಸ್ ಬೇಲಿಯ (ಕರೆಂಟ್ ಹರಿಯುವ ಬೇಲಿ) ತಂತಿಯನ್ನು ಸಂಜೆಯಾಗುತ್ತಲೇ ದಾರಿಗೆ ಅಡ್ಡಲಾಗಿ ಎಳೆದು ಸಿಕ್ಕಿಸುತ್ತಾರೆ. ಒಂದು ತುದಿಯಲ್ಲಿ ಪ್ಲಾಸ್ಟಿಕ್ ಹಿಡಿಕೆ ಮತ್ತು ಸ್ಪ್ರಿಂಗ್ ಇರುತ್ತದೆ, ಅಷ್ಟೇ. ಇಳಿಜಾರಿನಲ್ಲಿ ಜೋರಾಗಿ ಬರುವವರಿಗೆ ಆ ಸಣ್ಣ ತಂತಿ ಕಾಣುವುದೇ ಇಲ್ಲ, ಮತ್ತು ಅದು ಬಹುತೇಕ ಎದೆಯ ಎತ್ತರದಲ್ಲಿರುತ್ತದೆ.

ಮಾರ್ಗದ ವಿಷಯಕ್ಕೆ ಬಂದರೆ, ಮೊದಲ ದಿನ ಸಕಲೇಶಪುರದಿಂದ ಹೆತ್ತೂರಿಗೆ ಹೋಗಿ ಉಳಿದುಕೊಳ್ಳಿ. ಎರಡನೆಯ ದಿನ ಸಾಮಾನನ್ನು ಅಲ್ಲಿಯೇ ಬಿಟ್ಟು ವಣಗೂರಿನ ಮೇಲೆ ಬಿಸಿಲೆಗೆ ಹೋಗಿ ಬನ್ನಿ. ಮೂರನೆಯ ದಿನ ಯಸಳೂರು, ಶುಕ್ರವಾರಸಂತೆ ಕಡೆಯಿಂದ ಮರಳಿ. ಬಿಸಿಲೆಯಿಂದ ಕುಕ್ಕೆಯ ಕಡೆಗೆ ಘಾಟಿ ಇಳಿಯುವ ಆಸೆ ಬರುತ್ತದೆ. ಇಳಿದದ್ದನ್ನೆಲ್ಲ ಅದೇ ದಿನ ಮತ್ತೆ ಹತ್ತಬೇಕಾಗುತ್ತದೆ ಎಂಬುದು ನೆನಪಿರಲಿ. ವೀಕ್ಷಣಾ ತಾಣದಲ್ಲಿ ನಿಂತರೆ 1,712 ಮೀಟರ್ ಎತ್ತರದ ಕುಮಾರಪರ್ವತ ಎದುರಿಗೇ ಕಾಣುತ್ತದೆ, ಮಂಜು ಬಿಟ್ಟುಕೊಟ್ಟರೆ.

ಬನಶಂಕರಿ ಗಾಲಿ

ಟೈರಿನ ಬಗ್ಗೆ ಮಾತ್ರ ಹೇಳುತ್ತೇನೆ. ನಂದಿಯ ಸುತ್ತಲಿನ ಗಟ್ಟಿ ಮಣ್ಣಿಗೆ 40 ಮಿ.ಮೀ. ಧಾರಾಳವಾಯಿತು, ಸಕಲೇಶಪುರದಲ್ಲಿ ಅದು ಕನಿಷ್ಠ. ನಿಮ್ಮ ಫ್ರೇಮಿನಲ್ಲಿ ಜಾಗವಿದ್ದರೆ 45ಕ್ಕೆ ಹೋಗಿ. ತೋಟದ ಏರುಗಳಲ್ಲಿ ಸೋಲಿಂಗ್ ಕಲ್ಲು (ರಸ್ತೆಯ ತಳಕ್ಕೆ ಹಾಕುವ ದಪ್ಪ ಕಲ್ಲು) ಹಾಸಿ ಹಾಗೆಯೇ ಬಿಟ್ಟಿರುತ್ತಾರೆ. ಗಾಳಿ ತೀರಾ ಕಡಿಮೆಯಿದ್ದರೆ ಅಂಚಿನ ಕಲ್ಲಿಗೆ ರಿಮ್ ಬಡಿಯುತ್ತದೆ, ಹೆಚ್ಚಿದ್ದರೆ ಹಿಂದಿನ ಗಾಲಿ ಜಾರುತ್ತದೆ. ಎಪ್ಪತ್ತು ಕೆ.ಜಿ. ಆಸುಪಾಸಿನ ಸವಾರರಿಗೆ ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿಯ ಒತ್ತಡವನ್ನು ಮೂವತ್ತೈದು ಪಿಎಸ್‌ಐ ಹತ್ತಿರ ಇಟ್ಟು ನೋಡಿ, ನಂತರ ಸ್ವಲ್ಪ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ನಿಜವಾದ ಅಪಾಯ ಮಣ್ಣಿನಲ್ಲಲ್ಲ, ಕಾಂಕ್ರೀಟಿನಲ್ಲಿ. ಕಡಿದಾದ ತಿರುವುಗಳಿಗೆ ಮಾತ್ರ ಕಾಂಕ್ರೀಟ್ ಹಾಕಿರುತ್ತಾರೆ. ಮರದ ನೆರಳಿನಲ್ಲಿ ಅದರ ಮೇಲೆ ಮಳೆಗಾಲದ ಪಾಚಿ ಅಕ್ಟೋಬರ್ ಕೊನೆಯಲ್ಲಿಯೂ ಹಸಿರಾಗಿಯೇ ಇರುತ್ತದೆ. ಅಲ್ಲಿ ಬ್ರೇಕ್ ಹಿಡಿದು ತಿರುಗಿಸಬೇಡಿ, ತಿರುವಿಗೆ ಮೊದಲೇ ವೇಗ ಇಳಿಸಿಕೊಳ್ಳಿ. ಡಿಸ್ಕ್ ಬ್ರೇಕಿನ ರೆಸಿನ್ ಪ್ಯಾಡುಗಳು ಒದ್ದೆ ಮರಳು ಮಣ್ಣಿನಲ್ಲಿ ಬಲು ಬೇಗ ಸವೆಯುತ್ತವೆ. ಲೋಹ ಬೆರೆತ ಪ್ಯಾಡುಗಳನ್ನು ಹಾಕಿಸಿಕೊಂಡು, ಒಂದು ಜೊತೆ ಹೆಚ್ಚುವರಿಯಾಗಿಯೂ ಇಟ್ಟುಕೊಳ್ಳಿ. ಇಂಥ ಸಾಮಾನು ಸಕಲೇಶಪುರದಲ್ಲಿ ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ.

ದೋಣಿಗಾಲ್ ಮೊಮ್ಮಗಳು

ಮೇಲಿನವರು ಕೊಟ್ಟ ಮಾಹಿತಿ ಸರಿಯಾಗಿದೆ, ಆದರೆ ತೋಟದ ಒಳದಾರಿಗಳಿಗೆ ಇಷ್ಟೊಂದು ಮಹತ್ವ ಕೊಡಬೇಕೇ ಎಂಬುದು ನನ್ನ ಪ್ರಶ್ನೆ. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಆನೆಗಳು ಕಾಡಿನಲ್ಲಷ್ಟೇ ಇಲ್ಲ. ಹಗಲು ಹೊತ್ತಿನಲ್ಲಿ ಕಾಫಿ ತೋಟದ ನೆರಳಿನಲ್ಲಿಯೇ ನಿಂತಿರುತ್ತವೆ. ತೋಟದ ಕೆಲಸಗಾರರು ಜೀವ ಕಳೆದುಕೊಂಡ ಘಟನೆಗಳು ನಡೆದಿರುವುದರಿಂದ ನಮ್ಮ ಮನೆಯಲ್ಲಿ ಬೆಳಗ್ಗೆ ಬಿಸಿಲು ಬೀಳುವವರೆಗೆ ಯಾರನ್ನೂ ಒಳಗೆ ಕಳುಹಿಸುವುದಿಲ್ಲ. ಜೀಪು, ಬೈಕುಗಳಾದರೆ ಸದ್ದು ಮಾಡುತ್ತ ಬರುತ್ತವೆ, ಆನೆಗೆ ಮೊದಲೇ ತಿಳಿಯುತ್ತದೆ. ಸೈಕಲ್ ಸದ್ದಿಲ್ಲದೆ ತಿರುವಿನಲ್ಲಿ ದಿಢೀರನೆ ಎದುರಾಗುತ್ತದೆ, ಅದೇ ಕಷ್ಟ. ಆನೆ ತಿನ್ನುವ ಬೈನೆ ಮರ ಸೀಳಿ ಬಿದ್ದಿದ್ದರೆ, ಲದ್ದಿ ಇನ್ನೂ ಹಸಿಯಾಗಿದ್ದರೆ, ಅಲ್ಲಿಂದಲೇ ಹಿಂತಿರುಗುವುದು ಲೇಸು. ನವೆಂಬರ್ ಹೊತ್ತಿಗೆ ಭತ್ತ ಹಣ್ಣಾಗುವುದರಿಂದ ಗದ್ದೆ ಬಯಲಿನ ಪಕ್ಕದ ದಾರಿಗಳಲ್ಲಿ ಇನ್ನೂ ಎಚ್ಚರ ಬೇಕು.

ಆನೆಗಳು ಎಲ್ಲಿವೆ ಎಂಬ ಸೂಚನೆಯನ್ನು ಅರಣ್ಯ ಇಲಾಖೆಯವರು ಮೊಬೈಲ್ ಸಂದೇಶಗಳ ಮೂಲಕವೂ ರಸ್ತೆ ಬದಿಯ ಫಲಕಗಳ ಮೂಲಕವೂ ಕೊಡುತ್ತಾರೆ; ಆನೆ ಕಾರ್ಯಪಡೆಯ ಸಿಬ್ಬಂದಿಯೂ ಓಡಾಡುತ್ತಿರುತ್ತಾರೆ. ನೀವು ಉಳಿಯುವ ಮನೆಯವರನ್ನು ಹಿಂದಿನ ರಾತ್ರಿಯೂ ಹೊರಡುವ ಮುನ್ನವೂ ಕೇಳಿ. ಸವಾರಿ ಎಂಟು ಗಂಟೆಗೆ ಆರಂಭವಾಗಿ ನಾಲ್ಕೂವರೆಯೊಳಗೆ ಮುಗಿಯಲಿ. ಬೆಂಗಳೂರಿನವರಿಗೆ ನಸುಕಿನಲ್ಲಿ ಐದಕ್ಕೇ ಹೊರಡುವ ಅಭ್ಯಾಸವಿರುತ್ತದೆ. ಅದನ್ನು ನಂದಿ ಬೆಟ್ಟಕ್ಕೇ ಇಟ್ಟುಕೊಳ್ಳಿ.

ಬಿಸಿಲೆಯ ಸುತ್ತ ರಕ್ಷಿತಾರಣ್ಯವಿದೆ. ಮುಖ್ಯ ರಸ್ತೆಯನ್ನು ಬಿಟ್ಟು ಪಕ್ಕದ ಯಾವ ಕಾಡುದಾರಿಗೂ ಅನುಮತಿಯಿಲ್ಲದೆ ಇಳಿಯುವಂತಿಲ್ಲ. ಹಾಗೆಯೇ, ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ಹಳಿಯ ಮೇಲೆ ನಡೆದು ಹೋದವರ ಹಳೆಯ ವಿವರಗಳು ಅಂತರ್ಜಾಲದಲ್ಲಿ ಈಗಲೂ ಸಿಗುತ್ತವೆ. ಅದು ನಿಷಿದ್ಧ, ಸೈಕಲ್ ಹೊತ್ತುಕೊಂಡು ದಾಟುವ ಯೋಚನೆಯೂ ಬೇಡ. ಸಾಹಸ ಬೇಕೆಂದರೆ ನಮ್ಮ ಲೋಕೋಪಯೋಗಿ ರಸ್ತೆಗಳೇ ಮಳೆಗಾಲ ಮುಗಿದ ಮೇಲೆ ಅರ್ಧಕ್ಕರ್ಧ ಜಲ್ಲಿಯಾಗಿರುತ್ತವೆ.

ಜಯನಗರದ ಸವಾರ

ಎಲ್ಲರಿಗೂ ಧನ್ಯವಾದಗಳು. ಗ್ರಾಮ ನಕ್ಷೆಗಳನ್ನು ಇಳಿಸಿಕೊಂಡು ನೋಡಿದೆ. ಆ್ಯಪ್ ಸೂಚಿಸಿದ್ದ ಒಳದಾರಿಗಳಲ್ಲಿ ಹೆಚ್ಚಿನವು ನಕ್ಷೆಯಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅವನ್ನು ಕೈಬಿಟ್ಟು ಪಂಚಾಯಿತಿ ರಸ್ತೆಗಳನ್ನೇ ಜೋಡಿಸಿದ್ದೇನೆ. ಎರಡು ಸಣ್ಣ ಸಂದೇಹಗಳು ಉಳಿದಿವೆ. ವಣಗೂರಿನ ಬಳಿ ಪಟ್ಲ ಬೆಟ್ಟಕ್ಕೆ ಸೈಕಲ್ಲಿನಲ್ಲಿ ಹತ್ತಲಾಗುವುದೇ? ಸೈಕಲ್ಲನ್ನು ಸಕಲೇಶಪುರದವರೆಗೆ ಬಸ್ಸಿನಲ್ಲಿ ಒಯ್ಯುವುದೋ, ರೈಲಿನಲ್ಲೋ?

ಹೆತ್ತೂರು ಕಡೆಯವನು

ಪಟ್ಲ ಬೆಟ್ಟದ ದಾರಿ ಜೀಪುಗಳ ಗಾಲಿಗೆ ಕಿತ್ತುಹೋಗಿ ಬರೀ ಬಂಡೆ ಮತ್ತು ಕೊರಕಲು. ಗ್ರ್ಯಾವೆಲ್ ಸೈಕಲ್ಲನ್ನು ಅಲ್ಲಿ ಹತ್ತಿಸುವುದಕ್ಕಿಂತ ಹೊತ್ತುಕೊಂಡು ಹೋಗುವುದೇ ಆಗುತ್ತದೆ. ಕೆಳಗಿನ ಮನೆಯವರನ್ನು ಕೇಳಿ ಸೈಕಲ್ ಇಟ್ಟು, ನಡೆದು ಹೋಗಿ ಬನ್ನಿ.

ರೈಲಿನಲ್ಲಾದರೆ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು, ಮತ್ತು ನೀವು ಹತ್ತಿದ ಗಾಡಿಯಲ್ಲೇ ಸೈಕಲ್ ಬರುತ್ತದೆಯೇ ಎಂದು ಅಲ್ಲಿಯೇ ವಿಚಾರಿಸಿಕೊಳ್ಳಬೇಕು. ಬಸ್ಸಿನಲ್ಲಾದರೆ ಎರಡೂ ಗಾಲಿ ಬಿಚ್ಚಿ, ಚೀಲಕ್ಕೆ ಹಾಕಿ, ಗೇರಿನ ಬದಿ ಮೇಲೆ ಬರುವಂತೆ ಡಿಕ್ಕಿಯಲ್ಲಿ ಮಲಗಿಸಿ; ಕಂಡಕ್ಟರಿಗೆ ಮೊದಲೇ ಹೇಳಿ ಲಗೇಜ್ ಟಿಕೆಟ್ ತೆಗೆದುಕೊಂಡರೆ ಮಾತು ಬೆಳೆಯುವುದಿಲ್ಲ. ಹಗಲಿನ ಬಸ್ಸಿಗೇ ಬನ್ನಿ. ರಾತ್ರಿ ಬಸ್ಸು ಸಕಲೇಶಪುರಕ್ಕೆ ನಸುಕಿಗೇ ತಲುಪಿಸಿಬಿಡುತ್ತದೆ. ಆಮೇಲೆ ಎಂಟು ಗಂಟೆಯವರೆಗೆ ನಿಲ್ದಾಣದಲ್ಲೇ ಕೂರಬೇಕಾಗುತ್ತದೆ.