ವ್ಯಾನಗನ್ 2.1: ಒಮ್ಮೆ ರೀಬಿಲ್ಡ್ ಆದ ಎಂಜಿನ್‌ಗೆ ಯಾವ ಸೈಜಿನ ಬೇರಿಂಗ್?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಒರೆಗಾನ್‌ನಲ್ಲಿ. ನಮ್ಮದು 1987ರ ಫೋಕ್ಸ್‌ವ್ಯಾಗನ್ ವ್ಯಾನಗನ್ ಕ್ಯಾಂಪರ್, 2.1 ಲೀಟರ್ ವಾಸರ್‌ಬಾಕ್ಸರ್ (ನೀರಿನಿಂದ ತಣಿಸುವ, ಸಿಲಿಂಡರ್‌ಗಳು ಎದುರುಬದುರಾಗಿ ಮಲಗಿರುವ) ಎಂಜಿನ್. ಹಿಂದಿನ ಓನರ್ ಯಾವಾಗಲೋ ರೀಮ್ಯಾನುಫ್ಯಾಕ್ಚರ್ಡ್ ಎಂಜಿನ್ ಹಾಕಿಸಿದ್ದಾರೆ, ಬಿಲ್ ಸಿಕ್ಕಿಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಯಿಲ್ ಲೈಟ್ ಮಿಣಮಿಣ ಅನ್ನುತ್ತದೆ, 2000 ಆರ್‌ಪಿಎಂ ದಾಟಿದರೆ ಬಝರ್ ಕೂಗುತ್ತದೆ. ಪ್ರೆಶರ್ ಸ್ವಿಚ್ ಎರಡೂ ಹೊಸದು. ಗೇಜ್ ಹಾಕಿ ನೋಡಿದರೂ ಪ್ರೆಶರ್ ಕಮ್ಮಿಯೇ. ಈಗ ಕೇಸ್ (ಎಂಜಿನ್‌ನ ಹೊರಕವಚ) ಬಿಚ್ಚಿಟ್ಟಿದ್ದೇನೆ. ಸ್ಟ್ಯಾಂಡರ್ಡ್ ಸೈಜಿನ ಮೇನ್ ಬೇರಿಂಗ್ (ಕ್ರ್ಯಾಂಕ್ ಅನ್ನೋ ತಿರುಗುವ ದಂಡವನ್ನು ಕೇಸ್‌ನಲ್ಲಿ ಹಿಡಿದಿಡುವುದು) ತರಿಸಿದರೆ ಸಾಕಾ?

ಉತ್ತರ
ಸರ್, ದಯವಿಟ್ಟು ಈಗಲೇ ಆರ್ಡರ್ ಮಾಡಬೇಡಿ. ಬಿಸಿಯಾದಾಗ, ಅಂದರೆ ಆಯಿಲ್ 80 ಡಿಗ್ರಿ ಇರುವಾಗ, 2000 ಆರ್‌ಪಿಎಂನಲ್ಲಿ ಆಯಿಲ್ ಪ್ರೆಶರ್ ಕನಿಷ್ಠ 2 ಬಾರ್ ಇರಬೇಕು. ಅಷ್ಟು ಬರುತ್ತಿಲ್ಲ ಅಂದರೆ ಸವೆತ ಇರುವುದು ನಿಜ. ಆದರೆ ಒಮ್ಮೆ ರೀಬಿಲ್ಡ್ ಆದ ಎಂಜಿನ್‌ಗೆ ಮ್ಯಾನುಯಲ್‌ನಲ್ಲಿರುವ ಸ್ಟ್ಯಾಂಡರ್ಡ್ ಅಳತೆ ಹೊಂದುತ್ತದೆ ಅಂತ ನಂಬುವ ಹಾಗಿಲ್ಲ. ಇಲ್ಲಿ ಬೇರಿಂಗ್‌ಗೆ ಎರಡು ಸೈಜ್ ಇರುತ್ತದೆ. ಕೇಸ್ ಅನ್ನು ಲೈನ್ ಬೋರ್ ಮಾಡಿದ್ದರೆ, ಅಂದರೆ ಬೇರಿಂಗ್ ಕೂರುವ ರಂಧ್ರಗಳನ್ನು ಒಂದೇ ಸಾಲಿನಲ್ಲಿ ಕೊರೆದು ಹಿಗ್ಗಿಸಿದ್ದರೆ, ಹೊರಗಿನದು ದೊಡ್ಡದು. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ತೆಳ್ಳಗಾಗಿದ್ದರೆ ಒಳಗಿನದು ಚಿಕ್ಕದು.

ಹಳೇ ಬೇರಿಂಗ್‌ಗಳನ್ನು ಎಸೆಯದೆ ಒರೆಸಿ, ಬೆನ್ನಿನ ಕಡೆ ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದು ನೋಡಿ. 0.25, 0.50 (ಮಿ.ಮೀ.) ಅಂತ ಸಣ್ಣದಾಗಿ ಒತ್ತಿರುತ್ತಾರೆ. ಆಮೇಲೆ ಕ್ರ್ಯಾಂಕ್ ಜರ್ನಲ್‌ಗಳನ್ನು (ಬೇರಿಂಗ್ ಒಳಗೆ ತಿರುಗುವ ಭಾಗ) ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಸುಮ್ನೆ ಅಂಕಿ ನಂಬಬೇಡಿ.

ಪ್ರಶ್ನೆ ಕೇಳಿದವರು
ಹೌದು ಸರ್, ಒಂದರ ಬೆನ್ನಲ್ಲಿ ಎರಡು ಅಂಕಿ ಇವೆ, ಹೊರಗೆ 0.50, ಒಳಗೆ 0.25. ಕೇಸ್‌ನಲ್ಲಿ ನಡುವಿನ ಬೇರಿಂಗ್ ಕೂರುವ ಜಾಗ ಬೂದು ಬಣ್ಣಕ್ಕೆ ತಿರುಗಿ, ಅಂಚು ಬಡಿದ ಹಾಗೆ ಕಾಣುತ್ತಿದೆ.

ಉತ್ತರ
ಅಲ್ಲೇ ಇರೋದು ನೋಡಿ. ಬೇರಿಂಗ್ ಕೇಸ್ ಒಳಗೇ ಅಲುಗಾಡಿ ಅಲ್ಯೂಮಿನಿಯಂ ತಿಂದಿದೆ. ಇದಕ್ಕೆ ಹೊಸ ಬೇರಿಂಗ್ ಹಾಕಿದರೂ ಪ್ರೆಶರ್ ನಿಲ್ಲುವುದಿಲ್ಲ. ಕ್ರ್ಯಾಂಕ್ ಇಲ್ಲದೆ ಕೇಸ್‌ನ ಎರಡು ಅರ್ಧ ಜೋಡಿಸಿ, ಬೋಲ್ಟ್‌ಗಳಿಗೆ ಟಾರ್ಕ್ ಕೊಟ್ಟು (ಹೇಳಿದಷ್ಟೇ ಬಲದಲ್ಲಿ ಬಿಗಿದು), ಬೋರ್ ಗೇಜ್‌ನಲ್ಲಿ (ರಂಧ್ರದ ಒಳಅಳತೆ ತೆಗೆಯುವ ಸಾಧನ) ಮೂರು ದಿಕ್ಕಿಗೆ ಅಳೆಸಿ. ಮತ್ತೊಮ್ಮೆ ಬೋರ್ ಮಾಡಲು ಜಾಗ ಇದೆಯಾ, ಆ ಸೈಜಿನ ಬೇರಿಂಗ್ ಸಿಗುತ್ತದಾ ಅಂತ ಮೊದಲು ಕೇಳಿ. ಇಲ್ಲವಾದರೆ ಬೇರೆ ಕೇಸ್ ಹುಡುಕಿ. ಎರಡು ಅರ್ಧಗಳೂ ಒಂದೇ ಜೋಡಿಯದ್ದಾಗಿರಬೇಕು.

ಕನೆಕ್ಟಿಂಗ್ ರಾಡ್ ಬೋಲ್ಟ್ ಮಾತ್ರ ಹಳೆಯದನ್ನು ಖಂಡಿತ ಹಾಕಬೇಡಿ. ಅವು ಟಾರ್ಕ್ ಕೊಟ್ಟಾಗ ಹಿಗ್ಗುವಂಥವು, ಒಂದೇ ಸಲಕ್ಕೆ. 2.1 ಎಂಜಿನ್‌ನಲ್ಲಿ ರಾಡ್ ಹೊರಬಂದು ಕೇಸ್ ಒಡೆದದ್ದು ಬಹಳ ಇದೆ. ಹೆಡ್‌ನ ವಾಟರ್ ಜಾಕೆಟ್ ಗ್ಯಾಸ್ಕೆಟ್ ಕೂರುವ ಅಂಚಲ್ಲಿ ತುಕ್ಕಿನ ಗುಳಿ ಇದೆಯಾ ಅದನ್ನೂ ನೋಡಿ. ಕೂಲಂಟ್ ಫಾಸ್ಫೇಟ್ ಇಲ್ಲದ್ದೇ ಇರಲಿ.

ಜೋಡಿಸಿದ ಮೇಲೆ ಕ್ರ್ಯಾಂಕ್ ಕೈಯಲ್ಲೇ ಸಲೀಸಾಗಿ ತಿರುಗಬೇಕು. ಎಂಡ್ ಪ್ಲೇ (ಕ್ರ್ಯಾಂಕ್ ಹಿಂದೆ ಮುಂದೆ ಸರಿಯುವ ಅಂತರ) 0.07ರಿಂದ 0.13 ಮಿ.ಮೀ. ಒಳಗೆ ಬರುವ ತನಕ ಫ್ಲೈವೀಲ್ ಹಿಂದಿನ ಮೂರು ಶಿಮ್ (ದಪ್ಪ ಹೊಂದಿಸುವ ತೆಳು ಬಳೆ) ಬದಲಿಸಿ. ಬೋರ್ ಅಳತೆ ಬಂದ ಮೇಲೆ ಇಲ್ಲಿ ಹಾಕಿ, ಯಾವ ಸೆಟ್ ಅಂತ ನೋಡೋಣ.