ಟಿಕೆಟ್ ಟು ರೈಡ್: ಎರಡೇ ಟಿಕೆಟ್ ಇಟ್ಟುಕೊಂಡು ಅತ್ತೆ ಗೆಲ್ಲೋದು ಹೇಗೆ?

ಸಾಗರದ ಸೊಸೆ:

ಮಳೆ ಹಿಡಿದುಕೊಂಡಿದೆ, ಸಂಜೆಯಾದರೆ ಕರೆಂಟ್ ಇರೋದಿಲ್ಲ. ಅಮೆರಿಕದಿಂದ ಬಂದಿದ್ದ ನಾದಿನಿ ‘ಟಿಕೆಟ್ ಟು ರೈಡ್’ ಪೆಟ್ಟಿಗೆ ಕೊಟ್ಟು ಹೋಗಿದ್ದಾಳೆ. ಅಮೆರಿಕದ ಮ್ಯಾಪ್ ಇರೋ ಮೂಲ ಆಟ. ಬಣ್ಣದ ಎಲೆ (ಕಾರ್ಡ್) ಕೂಡಿಸಿ, ಅದನ್ನು ಕೊಟ್ಟು ಊರಿಂದೂರಿಗೆ ಇರೋ ದಾರಿ ಮೇಲೆ ನಮ್ಮ ಪುಟ್ಟ ರೈಲು ಬೋಗಿಗಳನ್ನು ಹಾಕೋ ಬೋರ್ಡ್ ಆಟ ಇದು. ಟಿಕೆಟ್ ಅಂದರೆ ಎರಡು ಊರಿನ ಹೆಸರಿರೋ ಚೀಟಿ, ಆ ಊರುಗಳನ್ನು ಹಳಿಯಿಂದ ಸೇರಿಸಿದರೆ ಅದರಲ್ಲಿರೋ ಪಾಯಿಂಟ್ ನಮಗೆ. ಚಾರ್ಜಿಂಗ್ ಲೈಟ್ ಇಟ್ಟುಕೊಂಡು ಅತ್ತೆ, ನಾನು, ಏಳನೇ ಕ್ಲಾಸಿನ ಮಗಳು ಜಗಲಿಯಲ್ಲಿ ಕೂರುತ್ತೇವೆ. ಯಜಮಾನರಿಗೆ ಅಡಿಕೆಗೆ ಕೊಳೆ ಔಷಧಿ ಹೊಡೆಸೋ ಗಡಿಬಿಡಿ, ಅವರು ಆಟಕ್ಕಿಲ್ಲ.

ದಿನಾ ಜಗಳ ಆಗೋ ವಿಷಯಗಳು ಇವು. ಅತ್ತೆ ಮೇಲೆ ಬಿಡಿಸಿಟ್ಟ ಇಂಜಿನ್ ಎಲೆ (ಯಾವ ಬಣ್ಣದ ಬದಲಿಗೂ ನಡೆಯುತ್ತೆ) ಎತ್ತಿ, ಇನ್ನೊಂದು ಎಲೆಯನ್ನೂ ಎಳೆಯುತ್ತಾರೆ. ಇದು ಸರೀನಾ? ಎರಡು ಹಳಿ ಜೋಡಿಯಾಗಿರೋ ಕಡೆ ಮಗಳು ಒಂದು ಹಾಕಿದರೆ ಪಕ್ಕದ್ದು ನಾನು ಹಾಕಬಹುದಾ? ಬೂದು ಬಣ್ಣದ ದಾರಿಗೆ ಬೇರೆ ಬೇರೆ ಬಣ್ಣ ಸೇರಿಸಿ ಕೊಡಬಹುದಾ?

ಇನ್ನೊಂದು. ಮಗಳು ಐದಾರು ಟಿಕೆಟ್ ಮುಗಿಸಿರುತ್ತಾಳೆ. ಅತ್ತೆ ಎರಡೇ ಟಿಕೆಟ್ ಇಟ್ಟುಕೊಂಡು ಗೆಲ್ಲುತ್ತಾರೆ. ಊರಿನ ಹೆಸರೂ ಅವರಿಗೆ ಓದೋಕೆ ಬರಲ್ಲ, ಬಣ್ಣ ನೋಡಿಯೇ ಆಡುತ್ತಾರೆ!

ಬೀರೂರು ಜಂಕ್ಷನ್:

ಬಣ್ಣ ನೋಡಿ ಆಡೋದರಿಂದಲೇ ಗೆಲ್ಲುತ್ತಾರೆ ಮಾರಾಯ್ರೆ. ಅದಕ್ಕೆ ಆಮೇಲೆ ಬರ್ತೀನಿ, ಮೊದಲು ರೂಲ್ಸ್.

ಮೇಲೆ ಬಿಡಿಸಿಟ್ಟ ಐದರಲ್ಲಿ ಇಂಜಿನ್ ಎತ್ತಿದರೆ ಆ ಸರದಿ ಅಲ್ಲಿಗೇ ಮುಗೀತು. ಬೇರೆ ಎಲೆ ಇಲ್ಲ. ಮೊದಲು ಒಂದು ಬೋಗಿ ಎಲೆ ತಗೊಂಡು, ಎರಡನೆಯದಾಗಿ ಇಂಜಿನ್ ಎತ್ತೋಕೂ ಆಗಲ್ಲ. ಆದರೆ ಕಟ್ಟಿನಿಂದ ಕುರುಡಾಗಿ ಎಳೆದಾಗ ಇಂಜಿನ್ ಬಂದರೆ ಅದು ಒಂದೇ ಎಲೆ ಲೆಕ್ಕ, ಇನ್ನೊಂದು ಎಳೀಬಹುದು. ಐದರಲ್ಲಿ ಮೂರು ಇಂಜಿನ್ ಬಿದ್ದರೆ ಐದನ್ನೂ ಪಕ್ಕಕ್ಕಿಟ್ಟು ಹೊಸದಾಗಿ ಬಿಡಿಸಿ. ನೀವು ಮೂವರು, ಆದ್ದರಿಂದ ಜೋಡಿ ಹಳಿಯಲ್ಲಿ ಒಂದು ಹಾಕಿದರೆ ಇನ್ನೊಂದು ಬಂದ್. ನಾಲ್ಕೈದು ಜನ ಇದ್ದರೆ ಮಾತ್ರ ಎರಡೂ ಸಿಗುತ್ತೆ, ಆಗಲೂ ಒಬ್ಬರೇ ಎರಡನ್ನೂ ಹಿಡಿಯೋ ಹಾಗಿಲ್ಲ. ಬೂದು ದಾರಿಗೆ ಯಾವ ಬಣ್ಣವಾದರೂ ಸರಿ, ಆದರೆ ಎಲ್ಲಾ ಒಂದೇ ಬಣ್ಣ ಇರಬೇಕು. ಸಾಲದಿದ್ದರೆ ಇಂಜಿನ್ ಸೇರಿಸಿ.

ಈಗ ಅತ್ತೆ ವಿಷಯ. ಒಂದು ಬೋಗಿಯ ದಾರಿಗೆ 1 ಪಾಯಿಂಟ್, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 7, ಐದಕ್ಕೆ 10, ಆರಕ್ಕೆ 15. ಈ ಪಟ್ಟಿಯನ್ನು ಮಕ್ಕಳು ನೋಡೋದೇ ಇಲ್ಲ. ಸರದಿ ಲೆಕ್ಕ ಹಾಕಿ. ಎರಡು ಬೋಗಿಯ ದಾರಿಗೆ ಎಲೆ ಎತ್ತೋಕೆ ಒಂದು ಸರದಿ, ಹಾಕೋಕೆ ಒಂದು. ಎರಡು ಸರದಿಗೆ 2 ಪಾಯಿಂಟ್. ಆರರ ದಾರಿಗೆ ಮೂರು ಸರದಿ ಎತ್ತೋಕೆ, ಒಂದು ಹಾಕೋಕೆ. ನಾಲ್ಕು ಸರದಿಗೆ 15! ನಿಮ್ಮ ಮಗಳು ಸಣ್ಣ ಸಣ್ಣ ತುಂಡು ಜೋಡಿಸಿ ಟಿಕೆಟ್ ಮುಗಿಸುತ್ತಾ ಇರುವಾಗ ಅತ್ತೆ ಸುಮ್ನೆ ಕೂತು ಕಪ್ಪು ಎಲೆ ಕೂಡಿಸ್ತಾ ಇರುತ್ತಾರೆ. ಇಸ್ಪೀಟು ಆಡಿದ ಕೈ ಇರಬೇಕು ಅಲ್ವಾ?

ಬೋರ್ಡಿನ ಕೆಳಗಡೆ ನೋಡಿ. ಲಾಸ್ ಏಂಜಲೀಸ್‌ನಿಂದ ಎಲ್ ಪಾಸೊ ಕಪ್ಪು ಆರು. ಅಲ್ಲಿಂದ ಹೂಸ್ಟನ್ ಹಸಿರು ಆರು. ನ್ಯೂ ಆರ್ಲಿಯನ್ಸ್‌ಗೆ ಬೂದು ಎರಡು. ಅಲ್ಲಿಂದ ಮಯಾಮಿ ಕೆಂಪು ಆರು. ಒಟ್ಟು 20 ಬೋಗಿ, ದಾರಿಗೇ 47 ಪಾಯಿಂಟ್. ಲಾಸ್ ಏಂಜಲೀಸ್–ಮಯಾಮಿ ಟಿಕೆಟ್ ಕೈಯಲ್ಲಿದ್ದರೆ ಮೇಲೆ 20. ಅತಿ ಉದ್ದದ ಹಳಿಗೆ ಸಿಗೋ 10ಕ್ಕೂ ಅರ್ಧ ಕೆಲಸ ಆಯ್ತು. ಎಲ್ಲರಿಗೂ ಇರೋದು 45 ಬೋಗಿ ಮಾತ್ರ, ಅದನ್ನು ಎಲ್ಲಿ ಸುರಿಯುತ್ತೀರಿ ಅನ್ನೋದೇ ಆಟ.

ಒಂದು ಎಚ್ಚರ. ಒಂದೊಂದು ಬಣ್ಣದ ಎಲೆ ಇರೋದು 12, ಇಂಜಿನ್ 14. ಆರರ ದಾರಿ ಅಂದರೆ ಆ ಬಣ್ಣದ ಅರ್ಧ ನಿಮಗೇ ಬೇಕು. ಅತ್ತೆ ಎರಡು ಸಲ ಕಪ್ಪು ಎತ್ತಿದ್ದು ಕಂಡರೆ ಆಮೇಲೆ ಬಂದ ಕಪ್ಪನ್ನು ನೀವು ಒಂದೆರಡು ಎತ್ತಿಟ್ಟುಕೊಳ್ಳಿ, ಬೂದು ದಾರಿಗೆ ಹೇಗೂ ಆಗುತ್ತೆ. ಮೇಲಿರೋ ಇಂಜಿನ್ನನ್ನು ಆಸೆಗೆ ಬಿದ್ದು ಎತ್ತಬೇಡಿ. ಒಂದೇ ಎಲೆ ಕಡಿಮೆ ಇದೆ ಅಂದಾಗ ಮಾತ್ರ.

ಕೊಪ್ಪದ ಕಾಫಿಗಿಡ:

ಬೀರೂರಿನವರ ಲೆಕ್ಕ ಒಪ್ಪಿದೆ. ಆದರೆ ಎಲ್ಲರೂ ಆರರ ದಾರಿಗೇ ಕಾದರೆ ಸಣ್ಣ ಗಂಟುಗಳು ಕೈತಪ್ಪುತ್ತವೆ. ನ್ಯಾಶ್‌ವಿಲ್–ಅಟ್ಲಾಂಟಾ ನೋಡಿ, ಒಂದೇ ಚೌಕ, ಜೋಡಿ ಹಳಿಯೂ ಇಲ್ಲ. ಯಾರೋ ಒಂದು ಎಲೆ ಕೊಟ್ಟು ಅಲ್ಲಿ ಕೂತರೆ ನೀವು ಊರೆಲ್ಲ ಸುತ್ತಿ ಬರಬೇಕು. ನಿಮ್ಮ ಟಿಕೆಟ್ ದಾರಿಯಲ್ಲಿ ಅಂಥ ಜಾಗ ಇದ್ದರೆ ಅದನ್ನು ಮೊದಲು ಹಿಡೀರಿ, ಪಾಯಿಂಟ್ ಕಡಿಮೆ ಅಂತ ಬಿಡಬೇಡಿ. ಮೂವರೇ ಆಡುವಾಗ ಜೋಡಿ ಹಳಿಯೂ ಇದೇ ಜಾತಿಗೆ ಸೇರಿತು.

ಬೇಕಂತಲೇ ಇನ್ನೊಬ್ಬರ ದಾರಿ ಕಟ್ಟೋದು ರೂಲ್ಸ್ ಪ್ರಕಾರ ಸರಿ. ಆದರೆ ಏಳನೇ ಕ್ಲಾಸಿನ ಹುಡುಗಿಗೆ ಅಜ್ಜಿ ಹಾಗೆ ಮಾಡಿದರೆ ರಾತ್ರಿ ಊಟಕ್ಕೆ ಬರಲ್ಲ. ನಮ್ಮನೆಯಲ್ಲಿ ತಮ್ಮನ ಮಗ ಬೋರ್ಡೇ ಮಗುಚಿ ಹಾಕಿದ. ಮಕ್ಕಳು ಇದ್ದಾಗ ದಾರಿ ಕಟ್ಟೋ ಆಟ ಬೇಡ ಅನ್ನೋದು ನನ್ನ ಮಾತು.

ಸಾಗರದ ಸೊಸೆ:

ಅತ್ತೆಗೆ ಓದಿ ಹೇಳಿದೆ. ಇಂಜಿನ್ ವಿಷಯಕ್ಕೆ ಮುಖ ಊದಿಸಿಕೊಂಡರು. ‘ದಾರಿ ಕಟ್ಟದೆ ಇದ್ದರೆ ಅದೆಂಥ ಆಟ, ಚೌಕಾಬಾರದಲ್ಲಿ ಕಾಯಿ ಕಡಿಯಲ್ವಾ’ ಅಂತ ಕೊಪ್ಪದವರಿಗೆ ಹೇಳೋಕೆ ಹೇಳಿದ್ದಾರೆ.

ಮಗಳದ್ದು ಎರಡು ಪ್ರಶ್ನೆ. ನಡುವೆ ಹೊಸ ಟಿಕೆಟ್ ಯಾವಾಗ ತಗೋಬೇಕು? ಅತ್ತೆ ಬೋಗಿ ಬೇಗ ಖಾಲಿ ಮಾಡಿ ಆಟ ಮುಗಿಸಿಬಿಡುತ್ತಾರೆ, ಇವಳ ಕೈಯಲ್ಲಿ ಎಲೆ ರಾಶಿ ಉಳಿದಿರುತ್ತೆ, ಅದಕ್ಕೇನು ಮಾಡೋದು?

ಬೀರೂರು ಜಂಕ್ಷನ್:

ಯಾರದ್ದಾದರೂ ಬೋಗಿ ಎರಡೋ ಅದಕ್ಕಿಂತ ಕಡಿಮೆಯೋ ಉಳಿದರೆ, ಅವರೂ ಸೇರಿ ಎಲ್ಲರಿಗೂ ಇನ್ನೊಂದೊಂದೇ ಸರದಿ. ಕೈಯಲ್ಲಿ ಉಳಿದ ಎಲೆಗೆ ಒಂದು ಪಾಯಿಂಟೂ ಇಲ್ಲ. ಅದಕ್ಕೇ ಅತ್ತೆ ಮುಂದಿನ ಬೋಗಿ ರಾಶಿ ಮೇಲೆ ಕಣ್ಣಿರಲಿ. ಹತ್ತು ಹನ್ನೆರಡಕ್ಕೆ ಇಳಿದ ಕೂಡಲೇ ಎಲೆ ಎತ್ತೋದು ಬಿಟ್ಟು ಇರೋದನ್ನು ಹಾಕೋಕೆ ಶುರು ಮಾಡಲಿ. ಅತ್ತೆಗೆ ಎರಡು ಆರರ ದಾರಿ ಸಾಕು, ಆಟ ಮುಗೀತು.

ಹೊಸ ಟಿಕೆಟ್ ಎತ್ತಿದರೆ ಮೂರರಲ್ಲಿ ಒಂದನ್ನಾದರೂ ಇಟ್ಟುಕೊಳ್ಳಲೇಬೇಕು, ಮುಗಿಸದಿದ್ದರೆ ಅಷ್ಟೂ ಮೈನಸ್. ಸಿಯಾಟಲ್–ನ್ಯೂಯಾರ್ಕ್ ಅಂಥದ್ದು ಬಂದು ತಪ್ಪಿದರೆ ಬರಬೇಕಿದ್ದ 22 ಹೋಗಿ, ಇದ್ದ 22ಕ್ಕೂ ಕೈ. ಬೋರ್ಡಿನ ಆ ತುದಿಯಿಂದ ಈ ತುದಿಗೆ ಹಳಿ ಸೇರಿದ ಮೇಲೆ, ಇನ್ನೂ ಅರ್ಧ ಬೋಗಿ ಇದ್ದಾಗ ಎತ್ತಲಿ. ಆಗ ಹೊಸ ಟಿಕೆಟಿಗೆ ಒಂದೆರಡು ತುಂಡು ಜೋಡಿಸಿದರೆ ಮುಗಿಯುತ್ತೆ. ಕೆಲವು ಸಲ ಕೈಯಲ್ಲೇ ಮುಗಿದು ಬಂದಿರುತ್ತೆ!

ನೀವು ಯಾವಾಗಲೂ ಮೂವರೇ ಅನ್ನೋದಾದರೆ ಸ್ವಿಟ್ಜರ್ಲೆಂಡ್ ಮ್ಯಾಪ್ ತರಿಸಿ. ಅದು ಎರಡು ಮೂರು ಜನರಿಗೆ ಅಂತಲೇ ಮಾಡಿದ್ದು, ಬೋರ್ಡಿನ ಇನ್ನೊಂದು ಮಗ್ಗುಲಲ್ಲಿ ಇಂಡಿಯಾ ಮ್ಯಾಪ್ ಇರುತ್ತೆ. ಬೋಗಿ, ಎಲೆ ಈಗಿರೋ ಪೆಟ್ಟಿಗೆಯದ್ದೇ ಸಾಕು.