ಮೊಲ ತನ್ನ ಕೂದಲು ತಾನೇ ಕಿತ್ತುಕೊಳ್ಳುತ್ತಿದೆ, ಅರ್ಜೆಂಟ್!

ಬೆಣ್ಣೆದೋಸೆ_ದಾವಣಗೆರೆ (ಬೆಳಿಗ್ಗೆ 7:40)
ಎಲ್ಲರಿಗೂ ನಮಸ್ಕಾರ. ಮೊದಲ ಸಲ ಮೊಲ ಸಾಕುತ್ತಿದ್ದೇನೆ. ನಿನ್ನೆ ಸಂಜೆಯಿಂದ ನಮ್ಮ ಬೆಳ್ಳಿ ಎದೆ, ಹೊಟ್ಟೆ ಮೇಲಿನ ಕೂದಲನ್ನು ಬಾಯಲ್ಲಿ ಕಚ್ಚಿ ಕಿತ್ತು ಹಾಕುತ್ತಿದೆ. ಬೆಳಿಗ್ಗೆ ಎದ್ದು ನೋಡಿದರೆ ಗೂಡಿನ ಮೂಲೆಯಲ್ಲಿ ಹಿಂಜಿದ ಹತ್ತಿಯ ಹಾಗೆ ರಾಶಿ ಬಿದ್ದಿದೆ. ಮಗಳು ಒಂದೇ ಸಮ ಅಳುತ್ತಿದ್ದಾಳೆ. ಅಂಗಡಿಯವನಿಗೆ ಫೋನ್ ಮಾಡಿದರೆ "ಬಿಸಿಲಿಗೆ ಹಂಗೇ ಸಾರ್" ಅಂತ ಇಟ್ಟುಬಿಟ್ಟ. ಊಟ ಗೀಟ ಎಲ್ಲ ಸರಿಯಾಗಿಯೇ ಕೊಡುತ್ತಿದ್ದೇವೆ. ಏನು ಮಾಡಲಿ?

ಉದ್ದಕಿವಿ
ಕಜ್ಜಿ. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಕಿವಿಯ ಅಂಚು, ಮೂಗಿನ ತುದಿ, ಉಗುರಿನ ಬುಡ ನೋಡಿ. ಬೂದು ಬಣ್ಣದ ಹೆಕ್ಕಳಿಕೆ ಇದ್ದರೆ ಅದೇ. ನಮ್ಮ ಎರಡಕ್ಕೂ ಆಗಿತ್ತು. ಡಾಕ್ಟರ್ ಐವರ್‌ಮೆಕ್ಟಿನ್ ಕೊಟ್ಟ ಮೇಲೆ ವಾಸಿಯಾಯಿತು.

ತುಂಗೆಯ_ದಡ
ವಯಸ್ಸೆಷ್ಟು? ಗಂಡೋ ಹೆಣ್ಣೋ? ಏನು ತಿನ್ನುತ್ತದೆ? ಹಿಕ್ಕೆ ಹೇಗಿದೆ? ಇದ್ಯಾವುದೂ ಹೇಳದೆ "ಎಲ್ಲ ಸರಿ" ಅಂದರೆ ನಾವೇನು ಇಲ್ಲಿ ಕವಡೆ ಹಾಕಿ ನೋಡಬೇಕಾ?

ಬೆಣ್ಣೆದೋಸೆ_ದಾವಣಗೆರೆ
ಸಾರಿ ಸಾರ್. ಗಂಡು. ಸಂಕ್ರಾಂತಿಗೆ ತಂದಿದ್ದು, ಆಗ ಒಂದೂವರೆ ತಿಂಗಳ ಮರಿ ಅಂದಿದ್ದರು. ಕ್ಯಾರೆಟ್, ಅನ್ನ, ಮಾರಿ ಬಿಸ್ಕತ್ತು, ಒಂದೊಂದು ಸಲ ಕೊತ್ತಂಬರಿ. ಹಿಕ್ಕೆ ಕಡಲೆಕಾಳಿನ ಹಾಗೆ ದುಂಡಗಿದೆ. ಕಿವಿ, ಮೂಗು ಎಲ್ಲ ಕ್ಲೀನ್.

ಉದ್ದಕಿವಿ
ಕಿವಿ ಕ್ಲೀನ್ ಇದ್ದರೂ ಕಜ್ಜಿ ಇರಬಹುದು. ತುಪ್ಪಳದಲ್ಲಿ ಇರುವ ಹುಳವೇ ಬೇರೆ. ಬೆನ್ನ ಮೇಲೆ ತಲೆಹೊಟ್ಟಿನ ಹಾಗೆ ಉದುರುತ್ತದಾ ನೋಡಿ. ಡಾಕ್ಟರ್ ಸಿಗದಿದ್ದರೆ ನಾಯಿಗೆ ಹೊಡೆಯುವ ಉಣ್ಣಿ ಹುಳದ ಸ್ಪ್ರೇ ಸಾಕು.

ತುಂಗೆಯ_ದಡ
ಹೊಡೆಯಬೇಡಿ!! ಅಂಥ ಎಷ್ಟೋ ಸ್ಪ್ರೇಗಳಲ್ಲಿ ಫಿಪ್ರೋನಿಲ್ ಅನ್ನೋ ಕೀಟನಾಶಕ ಇರುತ್ತದೆ. ನಾಯಿಗೆ ಏನೂ ಆಗಲ್ಲ, ಮೊಲಕ್ಕೆ ವಿಷ. ಫಿಟ್ಸ್ ಬಂದು ಸಾಯಲೂಬಹುದು. ಉದ್ದಕಿವಿ ಅವರೇ, ಗೊತ್ತಿಲ್ಲದಿದ್ದರೆ ಸುಮ್ನೆ ಇರಬಾರದಾ?

ಮತ್ತೆ ಅನ್ನ, ಬಿಸ್ಕತ್ತು ಇವತ್ತೇ ನಿಲ್ಲಿಸಿ. ಮೊಲಕ್ಕೆ ಮುಖ್ಯ ಊಟ ಹುಲ್ಲು. ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೇನೇ ಸವೆಯುವುದು. ಕ್ಯಾರೆಟ್ ಅಂದರೆ ಅದಕ್ಕೆ ಮೈಸೂರುಪಾಕ್ ಇದ್ದ ಹಾಗೆ. ಹೆಬ್ಬೆರಳಿನಷ್ಟು, ಅದೂ ಅಪರೂಪಕ್ಕೆ.

ಹುಬ್ಬಳ್ಳಿ_ಮೊಲದಮನೆ
ಹುಲ್ಲು ಅಂದರೆ ಟಿಮೊಥಿ ಹುಲ್ಲೇ ತರಿಸ್ರಿ. ನಮ್ಮಲ್ಲಿ ಬೇರೆ ಏನೂ ಹಾಕಂಗಿಲ್ಲ. ಸಾಗವಾನಿ ಗೂಡು, ಎರಡು ಅಂತಸ್ತು, ಮೇಲೆ ಹೋಗಾಕ ಇಳಿಜಾರು ಹಲಗೆ, ಮೂಲೆಯೊಳಗ ಟೈಮರ್ ಹಾಕಿದ ಫ್ಯಾನ್. ಮೇ ತಿಂಗಳಾಗೂ ಆರಾಮ ಮಲಗ್ತಾವ. ಫೋಟೋ ಹಾಕಲೇನು?

ಕೋಲಾರದ_ರೈತ
ಟಿಮೊಥಿ ರೇಟು ನೋಡಿದ್ದೀರಾ? ಅದಕ್ಕಿಂತ ಬಾಸುಮತಿ ಅಕ್ಕಿ ಅಗ್ಗ. ನಮ್ಮ ಕುದುರೆ ಮಸಾಲೆ ಸೊಪ್ಪಿಗೆ (ಲೂಸರ್ನ್ ಮೇವು) ಏನಾಗಿದೆ? ಹೊಲದ ಬದುವಿನ ಗರಿಕೆ, ನೇಪಿಯರ್ ಹುಲ್ಲು ಹಾಕಿಯೇ ನಾನು ಮೂವತ್ತು ಮೊಲ ಸಾಕಿದ್ದೆ.

ಹುಬ್ಬಳ್ಳಿ_ಮೊಲದಮನೆ
ಕುದುರೆ ಮಸಾಲೆಯೊಳಗ ಕ್ಯಾಲ್ಸಿಯಂ ಜಾಸ್ತಿ. ದೊಡ್ಡ ಮೊಲಕ್ಕ ದಿನಾ ಹಾಕಿದ್ರ ಮೂತ್ರದೊಳಗ ಕಲ್ಲಾಗ್ತದ. ನಿಮ್ಮ ಮೂವತ್ತು ಎಷ್ಟು ವರ್ಷ ಬದುಕಿದ್ವು ಅದನ್ನ ಹೇಳ್ರಿ ಮೊದಲು.

ಕೋಲಾರದ_ರೈತ
ಮಾಂಸಕ್ಕೆ ಸಾಕಿದ್ದು ಸ್ವಾಮಿ, ಎಷ್ಟು ವರ್ಷ ಬದುಕುತ್ತವೆ?

ತುಂಗೆಯ_ದಡ
ದಯವಿಟ್ಟು ಆ ಹುಡುಗಿ ಓದುತ್ತಿರಬಹುದು ಅನ್ನೋದು ನೆನಪಿರಲಿ. ಆರು ತಿಂಗಳ ಒಳಗಿನ ಮರಿಗೆ ಕುದುರೆ ಮಸಾಲೆ ಕೊಡಬಹುದು, ಆಮೇಲೆ ಕಡಿಮೆ ಮಾಡಬೇಕು. ಗರಿಕೆ ಯಾವಾಗಲೂ ಒಳ್ಳೆಯದು, ಔಷಧಿ ಹೊಡೆದ ಜಾಗದ್ದು ಬೇಡ. ಇಬ್ಬರೂ ಗೆದ್ದಿರಿ, ಮುಂದೆ ಹೋಗೋಣ.

ಉದ್ದಕಿವಿ
ಹುಲ್ಲಿನ ವಿಷಯ ಬಿಡಿ. ಕಜ್ಜಿ ಪರೀಕ್ಷೆ ಮಾಡಿಸಿದಿರಾ?

ಬೆಣ್ಣೆದೋಸೆ_ದಾವಣಗೆರೆ (ಮಧ್ಯಾಹ್ನ 3:15)
ನೀವೆಲ್ಲ ಹೇಳಿದ್ದಕ್ಕೆ ಎದುರುಮನೆ ಸೈಟಿನಿಂದ ಗರಿಕೆ ಕಿತ್ತು ತಂದು ಹಾಕಿದೆ. ತಿನ್ನುತ್ತಲೇ ಇಲ್ಲ! ಎರಡೂ ಕಡೆ ಮೀಸೆಯ ಹಾಗೆ ಬಾಯಲ್ಲಿ ಅಡ್ಡ ಕಚ್ಚಿಕೊಂಡು ಓಡಾಡುತ್ತದೆ. ಆ ಕೂದಲಿನ ಮೂಲೆಗೆ ಹೋಗಿ ಉದುರಿಸುತ್ತದೆ. ಮತ್ತೆ ಬಂದು ಇನ್ನೊಂದು ಹಿಡಿ. ತಲೆ ಕೆಟ್ಟಿದೆಯಾ ಅಂತ ನಮ್ಮನೆಯವರು ಕೇಳುತ್ತಿದ್ದಾರೆ. ಕಜ್ಜಿ ಆಗಿದ್ದರೆ ಇನ್ನೊಂದು ಮೊಲಕ್ಕೂ ಹತ್ತುತ್ತದಾ?

ತುಂಗೆಯ_ದಡ
ಇನ್ನೊಂದು ಮೊಲ??

ಬೆಣ್ಣೆದೋಸೆ_ದಾವಣಗೆರೆ
ಹೌದು ಸಾರ್, ಕರಿಯ. ಜೋಡಿಯಾಗಿಯೇ ತಂದಿದ್ದು. ಅವನು ಚೆನ್ನಾಗಿಯೇ ಇದ್ದಾನಲ್ಲ, ಅದಕ್ಕೆ ಬರೆಯಲಿಲ್ಲ. ಎರಡೂ ಗಂಡು ಅಂತ ಅಂಗಡಿಯವನೇ ನೋಡಿ ಕೊಟ್ಟಿದ್ದು.

ಶಿರಸಿ_ಅಜ್ಜಿ
ಅಯ್ಯೋ ತಮ್ಮಾ, ನಿನ್ನ ಬೆಳ್ಳಿ ಬಾಣಂತಿ ಕೋಣೆ ಸಿದ್ಧ ಮಾಡಿಕೊಳ್ಳುತ್ತಾ ಇದ್ದಾಳೆ! ಬಾಯಲ್ಲಿ ಹುಲ್ಲು ಹೊತ್ತು, ಎದೆಗೂದಲು ಕಿತ್ತು ಹಾಸುವುದು ಹೆರಿಗೆಗೆ. ಮರಿಗಳು ಬೋಳು ಮೈಯಲ್ಲಿ ಹುಟ್ಟುತ್ತವೆ, ಅವಕ್ಕೆ ಬೆಚ್ಚಗಿರಲಿ ಅಂತ. ಇವತ್ತೋ ನಾಳೆಯೋ ಹಾಕುತ್ತಾಳೆ.

ತುಂಗೆಯ_ದಡ
ಅಜ್ಜಿ ಹೇಳಿದ್ದೇ ಸರಿ. ಚಿಕ್ಕ ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ, ಅಂಗಡಿಯಲ್ಲಿ ತಪ್ಪುವುದು ಮಾಮೂಲಿ. ನಾಲ್ಕೈದು ತಿಂಗಳಿಗೇ ಗಬ್ಬ ಕಟ್ಟುತ್ತವೆ, ಸುಮಾರು 31 ದಿನಕ್ಕೆ ಮರಿ ಹಾಕುತ್ತವೆ. ಗರ್ಭ ಇಲ್ಲದೆಯೂ ಒಮ್ಮೊಮ್ಮೆ ಹೀಗೆ ಗೂಡು ಕಟ್ಟುವುದುಂಟು, ಆದರೆ ನಿಮ್ಮಲ್ಲಿ ಕರಿಯ ಇದ್ದಾನಲ್ಲ.

ಮೊದಲ ಕೆಲಸ, ಕರಿಯನನ್ನು ಈಗಲೇ ಬೇರೆ ಕಡೆ ಹಾಕಿ. ಮರಿ ಹಾಕಿದ ದಿನವೇ ಅವಳು ಮತ್ತೆ ಗಬ್ಬ ಕಟ್ಟಬಹುದು. ತಂತಿ ತಳದ ಗೂಡಾ? ಹಾಗಿದ್ದರೆ ಹಲಗೆ ಹಾಕಿ, ಇಲ್ಲದಿದ್ದರೆ ಮರಿಗಳ ಕಾಲು ಸಿಕ್ಕಿಕೊಳ್ಳುತ್ತದೆ. ಅವಳು ಮೈ ಚಾಚಿ ಮಲಗುವಷ್ಟು ರಟ್ಟಿನ ಡಬ್ಬಿ ಇಡಿ, ಒಂದು ಕಡೆ ಗೋಡೆ ತಗ್ಗಿಸಿ ಕತ್ತರಿಸಿ. ಒಣಹುಲ್ಲು ತುಂಬಿ, ಅವಳು ಕಿತ್ತ ಕೂದಲನ್ನೂ ಅದರಲ್ಲೇ ಹಾಕಿ. ಇರುವೆ, ಬೆಕ್ಕು, ಇಲಿ ಹತ್ತಿರ ಬರಬಾರದು. ಸೆಕೆ ಜಾಸ್ತಿ ಅನಿಸಿದರೆ ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಗೂಡಿನ ಇನ್ನೊಂದು ಮೂಲೆಯಲ್ಲಿಡಿ. ಸ್ನಾನ ಮಾತ್ರ ಮಾಡಿಸಬೇಡಿ.

ಕೋಲಾರದ_ರೈತ
ಗಬ್ಬದ ಮೊಲಕ್ಕೆ ಕುದುರೆ ಮಸಾಲೆ ಬೇಕೇ ಬೇಕು. ನಾನು ಮೊದಲೇ ಹೇಳಿದೆ.

ಹುಬ್ಬಳ್ಳಿ_ಮೊಲದಮನೆ
ಇದೊಂದಕ್ಕ ಒಪ್ಪಿದೆ. ಗೂಡಿನ ಫೋಟೋ ಯಾರೂ ಕೇಳಲೇ ಇಲ್ಲ.

ಬೆಣ್ಣೆದೋಸೆ_ದಾವಣಗೆರೆ (ಎರಡು ದಿನದ ನಂತರ)
ಏಳು ಮರಿ! ಒಂದು ಉಳಿಯಲಿಲ್ಲ. ಆರು ಕೂದಲಿನ ಕೆಳಗೆ ಒಂದರ ಮೇಲೊಂದು ಬಿದ್ದುಕೊಂಡಿವೆ, ಬೆರಳುದ್ದ ಇವೆ ಅಷ್ಟೆ. ಆದರೆ ಬೆಳ್ಳಿ ಹತ್ತಿರವೇ ಹೋಗುತ್ತಿಲ್ಲ. ಮಗಳು ಮುಟ್ಟಿದ್ದಕ್ಕೆ ಬಿಟ್ಟುಬಿಟ್ಟಳಾ? ಹಸುವಿನ ಹಾಲು ಕುಡಿಸಲಾ?

ಶಿರಸಿ_ಅಜ್ಜಿ
ಬೇಡ ಬೇಡ. ಮೊಲ ದಿನಕ್ಕೆ ಒಂದೋ ಎರಡೋ ಸಲ ಹಾಲು ಕೊಡುತ್ತದೆ, ಅದೂ ನಾಲ್ಕೈದು ನಿಮಿಷ. ಹೆಚ್ಚಾಗಿ ರಾತ್ರಿ ಇಲ್ಲವೇ ನಸುಕಿಗೆ. ನಾಯಿ ಬೆಕ್ಕಿನ ಹಾಗೆ ಮರಿ ಅಪ್ಪಿಕೊಂಡು ಕೂರುವುದಿಲ್ಲ. ಬೆಳಿಗ್ಗೆ ಹೊಟ್ಟೆ ನೋಡು. ಪುಟ್ಟ ಬಲೂನಿನ ಹಾಗೆ ಉಬ್ಬಿದ್ದರೆ ಕುಡಿದಿವೆ. ಚರ್ಮ ಸುಕ್ಕುಗಟ್ಟಿ ಹೊಟ್ಟೆ ಒಳಗೆ ಹೋಗಿದ್ದರೆ ಡಾಕ್ಟರ್ ಹತ್ತಿರ ಓಡು. ಮುಟ್ಟಿದರೆ ಏನೂ ಆಗಲ್ಲ, ಕೂಸಿಗೆ ಬೈಯಬೇಡ. ಹತ್ತು ದಿನಕ್ಕೆ ಕಣ್ಣು ಬಿಡುತ್ತವೆ.

ಬೆಣ್ಣೆದೋಸೆ_ದಾವಣಗೆರೆ
ಬಲೂನೇ ಅಜ್ಜಿ! ಆರಕ್ಕೂ! ಕರಿಯನನ್ನು ಮತ್ತೆ ಯಾವಾಗ ಜೊತೆಗೆ ಬಿಡಬಹುದು?

ತುಂಗೆಯ_ದಡ
ಅವನಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ, ಅದಾದ ಮೇಲೂ ಕೆಲವು ವಾರ ಬಿಟ್ಟು. ಕೂಡಲೇ ಬಿಟ್ಟರೆ ಮುಂದಿನ ತಿಂಗಳು ಮತ್ತೆ ಇಲ್ಲೇ ಬರುತ್ತೀರಿ.

ಉದ್ದಕಿವಿ
ಅಭಿನಂದನೆಗಳು. ಆದರೂ ಒಂದು ಸಲ ಕಜ್ಜಿ ಪರೀಕ್ಷೆ ಮಾಡಿಸಿಬಿಡಿ.